ನಿಮ್ಮ ಹೆಸರೂ ಆ ಡಬ್ಬಿಯಲ್ಲಿರಲಿ: ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಕ್ಯಾಲಿಫೋರ್ನಿಯಾದ ಕನ್ನಡ ಬಂಧುಗಳೇ,

ನಮಸ್ಕಾರ. ಈ ಪತ್ರದಲ್ಲಿರುವುದು ಒಂದೇ ಕೋರಿಕೆ. ನಿಮ್ಮಲ್ಲಿ ಅಮೆರಿಕದ ಪೌರತ್ವ ಪಡೆದವರು, ಒಂದು ವರ್ಷದ ಮಟ್ಟಿಗೆ ವಾರದಲ್ಲಿ ಒಂದಷ್ಟು ಗಂಟೆ ಬಿಡುವು ಮಾಡಿಕೊಳ್ಳಲು ಆಗುವವರು, ನಿಮ್ಮ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಪ್ರದೇಶದ) ಸಿವಿಲ್ ಗ್ರ್ಯಾಂಡ್ ಜ್ಯೂರಿಗೆ, ಅಂದರೆ ಸ್ಥಳೀಯ ಸರ್ಕಾರದ ಕೆಲಸ ಪರೀಕ್ಷಿಸುವ ಸಾಮಾನ್ಯ ಜನರ ಮಂಡಳಿಗೆ, ಅರ್ಜಿ ಹಾಕಿ. ಯಾಕೆ ಕೇಳುತ್ತಿದ್ದೇನೆ, ಆಯ್ಕೆ ಹೇಗೆ ನಡೆಯುತ್ತದೆ, ತೊಂದರೆ ಎಲ್ಲಿದೆ ಅನ್ನುವುದನ್ನೆಲ್ಲ ಬಿಡಿಸಿ ಹೇಳುತ್ತೇನೆ. ಪತ್ರ ಉದ್ದವಾಗಿದೆ, ಸಾವಕಾಶವಾಗಿ ಓದಿ.

ನಾನು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದವಳು. ಮಕ್ಕಳು ಕಾಲೇಜಿಗೆ ಹೋದ ಮೇಲೆ ನಮ್ಮ ಕೌಂಟಿಯ ಗ್ರ್ಯಾಂಡ್ ಜ್ಯೂರಿಯಲ್ಲಿ ಒಂದು ಅವಧಿ ಕೆಲಸ ಮಾಡಿದ್ದೇನೆ. ಅಲ್ಲಿ ಯಾರನ್ನು ವಿಚಾರಿಸಿದೆವು, ಯಾರು ಏನಂದರು, ಯಾರು ಯಾವ ಕಡೆ ಮತ ಹಾಕಿದರು ಅನ್ನುವುದನ್ನು ಹೇಳುವಂತಿಲ್ಲ. ಗುಟ್ಟು ಕಾಯುತ್ತೇವೆ ಅಂತ ಪ್ರಮಾಣ ಮಾಡಿ ಕೂತವರು ನಾವು. ಅವಧಿ ಮುಗಿದರೂ ಆ ಮಾತು ನಮ್ಮ ಮೇಲೆ ಇದ್ದೇ ಇರುತ್ತದೆ. ಆದರೆ ಅಲ್ಲಿಗೆ ಹೋಗುವ ದಾರಿ ಗುಟ್ಟಲ್ಲ. ಅದು ಕಾನೂನಿನಲ್ಲೇ ಬರೆದಿದೆ, ಯಾರು ಬೇಕಾದರೂ ಓದಬಹುದು. ಓದುವವರು ಕಡಿಮೆ, ಅಷ್ಟೇ.

ಜ್ಯೂರಿ ಅಂದ ಕೂಡಲೇ ನಮಗೆ ನೆನಪಾಗುವುದು ಅಂಚೆಯಲ್ಲಿ ಬರುವ ಸಮನ್ಸ್. ಕೋರ್ಟಿಗೆ ಹೋಗಿ, ಕಾದು, ಕರೆದರೆ ಒಂದು ಕೇಸಿಗೆ ಕೂತು, ಕರೆಯದಿದ್ದರೆ ಮನೆಗೆ ಬರುತ್ತೇವೆ. ಮತದಾರರ ಪಟ್ಟಿ, ಡಿಎಂವಿ (ವಾಹನ ಪರವಾನಗಿ ಕೊಡುವ ಇಲಾಖೆ) ಪಟ್ಟಿಗಳಿಂದ ಲಾಟರಿಯಂತೆ ಹೆಸರು ತೆಗೆದು ಆ ಸಮನ್ಸ್ ಕಳಿಸುತ್ತಾರೆ. ಬೇಕೋ ಬೇಡವೋ, ಹೋಗಲೇಬೇಕು. ಸಿವಿಲ್ ಗ್ರ್ಯಾಂಡ್ ಜ್ಯೂರಿ ಹಾಗಲ್ಲ. ಅದು ಕಳ್ಳತನ, ಕೊಲೆ ಕೇಸುಗಳ ವಿಚಾರಣೆಗೆ ಕೂರುವುದಿಲ್ಲ. ವರ್ಷಪೂರ್ತಿ ಕೂತು ಸ್ಥಳೀಯ ಸರ್ಕಾರವನ್ನು ಪರೀಕ್ಷೆ ಮಾಡುತ್ತದೆ. ಕೌಂಟಿಯ ಇಲಾಖೆಗಳು, ಊರಿನ ಸಿಟಿ ಕೌನ್ಸಿಲ್, ಶಾಲಾ ಜಿಲ್ಲೆ, ನೀರಿನ ಜಿಲ್ಲೆ, ಅಗ್ನಿಶಾಮಕ ಜಿಲ್ಲೆ (ಇಲ್ಲಿ ಜಿಲ್ಲೆ ಅಂದರೆ ಒಂದು ಸೇವೆಗೆಂದೇ ಇರುವ ಸ್ಥಳೀಯ ಸಂಸ್ಥೆ) ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಕೌಂಟಿಯೊಳಗಿನ ಸಾರ್ವಜನಿಕ ಜೈಲುಗಳ ಸ್ಥಿತಿಗತಿಯನ್ನಂತೂ ವಿಚಾರಿಸಲೇಬೇಕು. ಅದು ಕಾನೂನು ಹಾಕಿದ ಕಟ್ಟಳೆ.

ನಮ್ಮ ಊರಿನ ಲೋಕಾಯುಕ್ತ ನಿಮಗೆಲ್ಲ ಗೊತ್ತು. 1984 ರ ಕಾಯ್ದೆಯಿಂದ ಬಂದ ಸಂಸ್ಥೆ. ಮೇಲೆ ನಿವೃತ್ತ ನ್ಯಾಯಮೂರ್ತಿ, ಕೆಳಗೆ ಅಧಿಕಾರಿಗಳು, ಪೊಲೀಸರು. ಕ್ಯಾಲಿಫೋರ್ನಿಯಾದಲ್ಲಿ ಹತ್ತಿರ ಹತ್ತಿರ ಅಂಥ ಕೆಲಸವನ್ನೇ ಯಾವ ಹುದ್ದೆಯೂ ಇಲ್ಲದ ಸಾಮಾನ್ಯ ಜನರ ಕೈಗೆ ಕೊಟ್ಟಿದ್ದಾರೆ. ಪ್ರತಿ ಕೌಂಟಿಯಲ್ಲೂ ವರ್ಷಕ್ಕೆ ಒಮ್ಮೆಯಾದರೂ ಗ್ರ್ಯಾಂಡ್ ಜ್ಯೂರಿ ಕರೆಯಬೇಕು ಅಂತ ರಾಜ್ಯದ ಸಂವಿಧಾನವೇ ಹೇಳುತ್ತದೆ. 58 ಕೌಂಟಿಗಳಿಗೂ ಇದು ಅನ್ವಯ. ನಲವತ್ತು ಲಕ್ಷಕ್ಕಿಂತ ಜಾಸ್ತಿ ಜನ ಇರುವ ಕೌಂಟಿಗೆ, ಅಂದರೆ ಲಾಸ್ ಏಂಜಲೀಸ್‌ಗೆ, 23 ಮಂದಿ. ಇಪ್ಪತ್ತು ಸಾವಿರದೊಳಗಿನ ಪುಟ್ಟ ಕೌಂಟಿಗಳಲ್ಲಿ ಸೂಪರ್‌ವೈಸರ್‌ಗಳ ಮಂಡಳಿ, ಅಂದರೆ ಕೌಂಟಿಯ ಚುನಾಯಿತ ಆಡಳಿತ ಮಂಡಳಿ, ಒಪ್ಪಿದರೆ 11. ಉಳಿದ ಎಲ್ಲ ಕಡೆ 19.

ಈ 19 ಜನರಿಂದ ಏನಾಗುತ್ತದೆ ಅಂತ ಕೇಳಬಹುದು. 2021 ರ ಡಿಸೆಂಬರ್‌ನಲ್ಲಿ ಸಾಂತಾ ಕ್ಲಾರಾ ಕೌಂಟಿಯ ಸಿವಿಲ್ ಗ್ರ್ಯಾಂಡ್ ಜ್ಯೂರಿ ಅಲ್ಲಿನ ಷೆರಿಫ್ (ಕೌಂಟಿಯ ಚುನಾಯಿತ ಪೊಲೀಸ್ ಮುಖ್ಯಸ್ಥೆ) ಲಾರಿ ಸ್ಮಿತ್ ಅವರ ಮೇಲೆ ಅಧಿಕಾರ ದುರುಪಯೋಗದ ಆರೋಪಪಟ್ಟಿ ಹೊರಡಿಸಿತು. 1998 ರಿಂದ ಚುನಾವಣೆ ಗೆಲ್ಲುತ್ತಾ ಬಂದಿದ್ದ ಷೆರಿಫ್ ಅವರು. ಬಂದೂಕು ಮರೆಯಲ್ಲಿಟ್ಟುಕೊಂಡು ಓಡಾಡುವ ಪರವಾನಗಿ ಕೊಡುವಾಗ ತಮಗೆ ಬೇಕಾದವರಿಗೆ ಒಂದು ನ್ಯಾಯ, ಉಳಿದವರಿಗೆ ಇನ್ನೊಂದು ನ್ಯಾಯ ಮಾಡಿದರು ಅನ್ನುವುದು ಮುಖ್ಯ ಆರೋಪ. 2022 ರ ನವೆಂಬರ್‌ನಲ್ಲಿ ವಿಚಾರಣೆಯ ಜ್ಯೂರಿ ಹಲವು ಆರೋಪಗಳು ಸಾಬೀತಾಗಿವೆ ಎಂದು ತೀರ್ಪು ಕೊಟ್ಟಿತು. ಅದಕ್ಕೆ ಕೆಲವೇ ದಿನ ಮೊದಲು ಅವರು ರಾಜೀನಾಮೆ ಕೊಟ್ಟಿದ್ದರು. ಗ್ರ್ಯಾಂಡ್ ಜ್ಯೂರಿಯಿಂದ ಶುರುವಾದ ವಿಚಾರಣೆ ಅದು.

ಇಂಥದ್ದು ಅಪರೂಪ, ಒಪ್ಪುತ್ತೇನೆ. ಹೆಚ್ಚಿನ ಕೆಲಸ ಸದ್ದಿಲ್ಲದ್ದು. 2019 ರಲ್ಲಿ ಅದೇ ಕೌಂಟಿಯ ಜ್ಯೂರಿ ಬಸ್ಸು, ಲೈಟ್ ರೈಲು ಓಡಿಸುವ ವಿಟಿಎ ಸಂಸ್ಥೆಯ ಆಡಳಿತವನ್ನು ಪರಿಶೀಲಿಸಿ, ಅದರ ನಿರ್ದೇಶಕ ಮಂಡಳಿಯ ಸ್ವರೂಪದಲ್ಲೇ ದೋಷ ಇದೆ ಎಂದು ವರದಿ ಕೊಟ್ಟಿತು. 2022 ರಲ್ಲಿ ಸಾಂತಾ ಕ್ಲಾರಾ ನಗರದ ಕೆಲವು ಕೌನ್ಸಿಲ್ ಸದಸ್ಯರಿಗೂ ಫಾರ್ಟಿನೈನರ್ಸ್ ಫುಟ್‌ಬಾಲ್ ತಂಡಕ್ಕೂ ಇದ್ದ ನಂಟಿನ ಬಗ್ಗೆ ಇನ್ನೊಂದು ವರದಿ ಬಂತು. ಆ ವರದಿ ಅಧಿಕೃತವಾಗಿ ಹೊರಬರುವ ಮೊದಲೇ ಸೋರಿತು. ಆ ವಿಷಯದಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ಒಬ್ಬ ಕೌನ್ಸಿಲ್ ಸದಸ್ಯರು ಅಪರಾಧಿ ಎಂದು 2024 ರ ಡಿಸೆಂಬರ್‌ನಲ್ಲಿ ತೀರ್ಪಾಯಿತು. ಗುಟ್ಟು ಕಾಯುವ ನಿಯಮ ಎಷ್ಟು ಬಿಗಿ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಈಗ ಆಯ್ಕೆಯ ವಿಷಯಕ್ಕೆ ಬರುತ್ತೇನೆ. ನಾನು ಈ ಪತ್ರ ಬರೆಯಲು ಕೂತಿದ್ದೇ ಅದಕ್ಕೆ.

ಅರ್ಹತೆ ತುಂಬಾ ಸರಳ. ಅಮೆರಿಕದ ಪ್ರಜೆಯಾಗಿರಬೇಕು. 18 ತುಂಬಿರಬೇಕು. ಆಯ್ಕೆಗೆ ಮೊದಲು ಒಂದು ವರ್ಷ ಆ ಕೌಂಟಿಯಲ್ಲಿ ವಾಸ ಇರಬೇಕು. ಸಾಮಾನ್ಯ ಬುದ್ಧಿ, ಒಳ್ಳೆಯ ತಿಳಿವಳಿಕೆ, ನೇರ ನಡತೆ ಇರಬೇಕು. ಕೆಲಸಕ್ಕೆ ಸಾಕಾಗುವಷ್ಟು ಇಂಗ್ಲಿಷ್ ಬರಬೇಕು. ಚುನಾಯಿತ ಹುದ್ದೆಯಲ್ಲಿ ಇರುವವರು ಬರುವಂತಿಲ್ಲ. ಬೇರೆ ಕೋರ್ಟಿನ ಜ್ಯೂರಿಯಲ್ಲಿ ಅದೇ ಹೊತ್ತಿಗೆ ಇರುವಂತಿಲ್ಲ. ಹಿಂದಿನ ಒಂದು ವರ್ಷದೊಳಗೆ ಗ್ರ್ಯಾಂಡ್ ಜ್ಯೂರಿ ಮುಗಿಸಿ ಬಂದವರಿಗೂ ಸಾಮಾನ್ಯವಾಗಿ ಅವಕಾಶ ಇಲ್ಲ. ಹಿಂದಿನ ವರ್ಷದವರಲ್ಲಿ ಕೆಲವರನ್ನು ಅವರ ಒಪ್ಪಿಗೆ ಪಡೆದು ಮುಂದುವರಿಸುವ ಅಧಿಕಾರ ಮಾತ್ರ ಕೋರ್ಟಿಗಿದೆ. ಎಲ್ಲರೂ ಹೊಸಬರಾದರೆ ಕೆಲಸ ಕಲಿಯುವುದರಲ್ಲೇ ಅರ್ಧ ವರ್ಷ ಹೋಗುತ್ತದೆ, ಅದಕ್ಕೆ. ಇಷ್ಟರಲ್ಲಿ ಡಿಗ್ರಿ, ಕಾನೂನು ಓದು, ಸರ್ಕಾರಿ ಅನುಭವ ಯಾವುದನ್ನೂ ಕೇಳಿಲ್ಲ.

ಮೊದಲ ಹೆಜ್ಜೆ ಅರ್ಜಿ. ಇದು ನಿಮ್ಮ ಕೌಂಟಿಯ ಸುಪೀರಿಯರ್ ಕೋರ್ಟಿನಲ್ಲಿ ಸಿಗುತ್ತದೆ. ಹೆಚ್ಚಿನ ಕೌಂಟಿಗಳಲ್ಲಿ ತಾವಾಗಿಯೇ ಮುಂದೆ ಬಂದು ಅರ್ಜಿ ಹಾಕುವವರೇ ಮುಖ್ಯ ಮೂಲ. ಕೆಲವು ಕಡೆ ನ್ಯಾಯಾಧೀಶರೂ ಹೆಸರು ಸೂಚಿಸುತ್ತಾರೆ. ಕೆಲವು ಕಡೆ ಅರ್ಜಿ ಸಾಲದಾದಾಗ ಸಾಮಾನ್ಯ ಜ್ಯೂರಿ ಪಟ್ಟಿಯಿಂದ ಜನರಿಗೆ ಪತ್ರ ಬರೆದು ಆಸಕ್ತಿ ಇದೆಯಾ ಅಂತ ಕೇಳುತ್ತಾರೆ.

ಎರಡನೆಯದು ಸಂದರ್ಶನ. ಅರ್ಹತೆ ಇದೆಯಾ ಅಂತ ಕೋರ್ಟು ಮುಖತಃ ಮಾತಾಡಿ ತಿಳಿದುಕೊಳ್ಳಬೇಕು ಅಂತ ಕಾನೂನೇ ಹೇಳುತ್ತದೆ. ನನ್ನನ್ನು ಕೂರಿಸಿಕೊಂಡ ನ್ಯಾಯಾಧೀಶರು ಕೇಳಿದ್ದು ಬಹಳ ಸಾದಾ ಪ್ರಶ್ನೆಗಳು. ಯಾಕೆ ಬರಬೇಕು ಅನ್ನಿಸಿತು? ನಿಮ್ಮ ಅಭಿಪ್ರಾಯ ಒಪ್ಪದ ಹದಿನೆಂಟು ಜನರ ಜೊತೆ ಒಂದು ವರ್ಷ ಕೆಲಸ ಮಾಡಬಲ್ಲಿರಾ? ಯಾವುದಾದರೂ ಇಲಾಖೆಯ ಮೇಲೆ ವೈಯಕ್ತಿಕ ಸಿಟ್ಟು ಇದೆಯಾ? ಈ ಕೊನೆಯ ಪ್ರಶ್ನೆ ಕೇಳಿದ್ದು ನನಗೆ ಬಹಳ ಸರಿ ಅನ್ನಿಸಿತು. ಒಬ್ಬರ ಮೇಲೆ ಸೇಡು ತೀರಿಸಿಕೊಳ್ಳಲು ಬರುವವರ ಕೈಯಲ್ಲಿ ಈ ಅಧಿಕಾರ ಇರಬಾರದು. ಸಂದರ್ಶನ ದಾಟಿದವರು, ಈ ಕೆಲಸಕ್ಕೆ ಬೇಕಾದಷ್ಟು ಗಂಟೆ ಕೊಡುತ್ತೇನೆ ಅಂತ ಬರೆದು ಸಹಿ ಹಾಕಬೇಕು. ಸಹಿ ಹಾಕಿದರೆ ಮಾತ್ರ ಹೆಸರು ಪಟ್ಟಿಗೆ ಸೇರುತ್ತದೆ. ಕೌಂಟಿಯ ಒಂದೇ ಮೂಲೆಯವರು ತುಂಬಿಕೊಳ್ಳದೆ ಬೇರೆ ಬೇರೆ ಭಾಗಗಳಿಗೆ ಅಲ್ಲಲ್ಲಿನ ಜನಸಂಖ್ಯೆಗೆ ತಕ್ಕಂತೆ ಪಾಲು ಸಿಗುವ ಹಾಗೆ ಪಟ್ಟಿ ಮಾಡಬೇಕು ಅನ್ನುವ ಮಾತೂ ಕಾನೂನಿನಲ್ಲಿದೆ.

ಮೂರನೆಯದು ಚೀಟಿ ಎತ್ತುವುದು. ಬೇಕಾದ್ದಕ್ಕಿಂತ ಜಾಸ್ತಿ ಜನ ಪಟ್ಟಿಯಲ್ಲಿದ್ದರೆ ಒಂದೊಂದು ಚೀಟಿಯಲ್ಲಿ ಒಂದೊಂದು ಹೆಸರು ಬರೆದು, ಹೆಸರು ಕಾಣದಂತೆ ಮಡಚಿ, ಡಬ್ಬಿಗೆ ಹಾಕಿ, ಕೋರ್ಟಿನ ಜ್ಯೂರಿ ಅಧಿಕಾರಿ ಎತ್ತಬೇಕು. ಇದೂ ಕಾನೂನಿನಲ್ಲಿ ಹೀಗೇ ಬರೆದಿದೆ. ಮೊದಲು ಬಂದ 19 ಹೆಸರು ಜ್ಯೂರಿ. ಆಮೇಲಿನ ಹೆಸರುಗಳು ಕಾಯುವ ಪಟ್ಟಿಗೆ. ಮಧ್ಯದಲ್ಲಿ ಯಾರಾದರೂ ಕಾಯಿಲೆ ಬಿದ್ದರೆ, ಊರು ಬಿಟ್ಟರೆ, ಅವರನ್ನು ಕರೆಯುತ್ತಾರೆ. ಆಮೇಲೆ ಪ್ರಮಾಣವಚನ. 19 ಜನರಲ್ಲಿ ಒಬ್ಬರನ್ನು ಕೋರ್ಟೇ ಮುಖ್ಯಸ್ಥರನ್ನಾಗಿ ನೇಮಿಸುತ್ತದೆ. ಆ ಸ್ಥಾನಕ್ಕೆ ಫೋರ್‌ಪರ್ಸನ್ ಅನ್ನುತ್ತಾರೆ. ಬಹಳಷ್ಟು ಕೌಂಟಿಗಳಲ್ಲಿ ಅವಧಿ ಜುಲೈ 1 ರಿಂದ ಮುಂದಿನ ಜೂನ್ 30 ರವರೆಗೆ. ಜನವರಿಯಿಂದ ಡಿಸೆಂಬರ್ ಲೆಕ್ಕ ಇಟ್ಟುಕೊಳ್ಳಲೂ ಕಾನೂನಿನಲ್ಲಿ ದಾರಿ ಇದೆ.

ಈ ಮೂರು ಹಂತ ಒಟ್ಟಿಗೆ ಇಟ್ಟು ನೋಡಿ. ಚೀಟಿ ಎತ್ತುವುದು ನ್ಯಾಯವಾಗಿಯೇ ನಡೆಯುತ್ತದೆ. ಎತ್ತುವ ಕೈಗೆ ಯಾರ ಹೆಸರೂ ಕಾಣುವುದಿಲ್ಲ. ಆದರೆ ಡಬ್ಬಿಯಲ್ಲಿ ಇಲ್ಲದ ಹೆಸರು ಎಷ್ಟು ನ್ಯಾಯವಾಗಿ ಎತ್ತಿದರೂ ಬರುವುದಿಲ್ಲ ಅಲ್ವಾ? ಸಾಮಾನ್ಯ ಜ್ಯೂರಿಗಾದರೆ ಸರ್ಕಾರವೇ ನಿಮ್ಮ ಹೆಸರನ್ನು ಡಬ್ಬಿಗೆ ಹಾಕಿರುತ್ತದೆ. ಇಲ್ಲಿ ನೀವೇ ಹಾಕಬೇಕು. ಇಡೀ ವ್ಯವಸ್ಥೆಯಲ್ಲಿ ಯಾರು ಕೂರುತ್ತಾರೆ ಅನ್ನುವುದು ಮುಕ್ಕಾಲುಪಾಲು ತೀರ್ಮಾನವಾಗುವುದು ಈ ಮೊದಲ ಹೆಜ್ಜೆಯಲ್ಲಿ. ಅರ್ಜಿ ಹಾಕಿದವರು ಯಾರು ಅನ್ನುವುದರಲ್ಲಿ.

ಡಬ್ಬಿಯಲ್ಲಿ ಯಾರ ಹೆಸರಿದೆ ಅನ್ನುವ ಪ್ರಶ್ನೆಗೆ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಚರಿತ್ರೆ ಇದೆ. ನಾವು ಹೊರಗಿನಿಂದ ಬಂದವರು ಇದನ್ನು ತಿಳಿದುಕೊಳ್ಳಬೇಕು ಅನ್ನುವುದು ನನ್ನ ಆಸೆ.

ಕಿಂಗ್ಸ್ ಕೌಂಟಿ ಅಂತ ಒಂದಿದೆ. ಸೆಂಟ್ರಲ್ ವ್ಯಾಲಿಯ ಹೊಲಗದ್ದೆಗಳ ನಡುವೆ, ಹ್ಯಾನ್‌ಫರ್ಡ್ ಅದರ ಮುಖ್ಯ ಊರು. ಆಗ ಗ್ರ್ಯಾಂಡ್ ಜ್ಯೂರಿಗಳು ಅಪರಾಧದ ಆರೋಪ ಹೊರಿಸುವ ಕೆಲಸವನ್ನೂ ಮಾಡುತ್ತಿದ್ದವು. 1962 ರಲ್ಲಿ ಅಲ್ಲಿನ ಗ್ರ್ಯಾಂಡ್ ಜ್ಯೂರಿ ಬುಕರ್ ಹಿಲರಿ ಎಂಬ ಕಪ್ಪು ವರ್ಣೀಯರ ಮೇಲೆ ಕೊಲೆ ಆರೋಪ ಹೊರಿಸಿತು. ಅದುವರೆಗೆ ಆ ಕೌಂಟಿಯ ಗ್ರ್ಯಾಂಡ್ ಜ್ಯೂರಿಯಲ್ಲಿ ಒಬ್ಬನೇ ಒಬ್ಬ ಕಪ್ಪು ವರ್ಣೀಯ ಕೂತಿರಲಿಲ್ಲ. ಆತ ಆ ಪ್ರಶ್ನೆ ಎತ್ತಿ ವರ್ಷಗಟ್ಟಲೆ ಕೋರ್ಟಿನಿಂದ ಕೋರ್ಟಿಗೆ ಹೋದರು. 1986 ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವರ ಮಾತು ಎತ್ತಿಹಿಡಿಯಿತು. ಆಮೇಲೆ ನಡೆದ ವಿಚಾರಣೆ ಎಷ್ಟೇ ಸರಿಯಾಗಿದ್ದರೂ, ಆರೋಪ ಹೊರಿಸಿದ ಜ್ಯೂರಿಯನ್ನು ಬಣ್ಣ ನೋಡಿ ಆರಿಸಿದ್ದರೆ ಶಿಕ್ಷೆ ನಿಲ್ಲುವುದಿಲ್ಲ ಎಂದು ಹೇಳಿ ಶಿಕ್ಷೆ ರದ್ದು ಮಾಡಿತು. ಆರೋಪ ಹೊರಿಸಿ 24 ವರ್ಷ ಕಳೆದಿತ್ತು. ಆತ ತಪ್ಪು ಮಾಡಿದ್ದರಾ ಇಲ್ಲವಾ ಅನ್ನುವುದನ್ನು ಆ ತೀರ್ಪು ಹೇಳಲಿಲ್ಲ. ಹೊಸದಾಗಿ ವಿಚಾರಣೆ ನಡೆದಾಗ ಮತ್ತೆ ಅಪರಾಧಿ ಎಂದೇ ತೀರ್ಪಾಯಿತು. ನನ್ನನ್ನು ಕಾಡುವುದು ಬೇರೆ ವಿಷಯ. ಒಂದು ಕೌಂಟಿಯಲ್ಲಿ ಎಷ್ಟೋ ದಶಕ ಒಂದು ಇಡೀ ಸಮುದಾಯದವರಲ್ಲಿ ಒಬ್ಬರೂ ಆ ಕೋಣೆಯೊಳಗೆ ಹೋಗಿಲ್ಲ. ಕೌಂಟಿಯ ಆಡಳಿತಕ್ಕೆ ಅದು ತಪ್ಪು ಅಂತಲೇ ಅನ್ನಿಸಿರಲಿಲ್ಲ.

ಲಾಸ್ ಏಂಜಲೀಸ್‌ನ ಕಥೆ ಇನ್ನೊಂದು. 1968 ರ ಮಾರ್ಚ್‌ನಲ್ಲಿ ನಗರದ ಪೂರ್ವ ಭಾಗದ ಹೈಸ್ಕೂಲುಗಳಿಂದ ಮೆಕ್ಸಿಕನ್ ಮೂಲದ ಸಾವಿರಾರು ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಬಂದರು. ಒಳ್ಳೆಯ ಶಾಲೆ ಕೊಡಿ ಅನ್ನುವುದು ಅವರ ಬೇಡಿಕೆ. ಅದನ್ನು ಸಂಘಟಿಸಿದ ಹದಿಮೂರು ಮಂದಿಯ ಮೇಲೆ ಗ್ರ್ಯಾಂಡ್ ಜ್ಯೂರಿ ಒಳಸಂಚಿನ ಆರೋಪ ಹೊರಿಸಿತು. ಅವರ ವಕೀಲ ಆಸ್ಕರ್ ಅಕೋಸ್ಟಾ ವಕೀಲರು ಸಾಮಾನ್ಯವಾಗಿ ಮಾಡದ ಒಂದು ಕೆಲಸ ಮಾಡಿದರು. ಗ್ರ್ಯಾಂಡ್ ಜ್ಯೂರಿಗೆ ಹೆಸರು ಸೂಚಿಸುತ್ತಿದ್ದ ನ್ಯಾಯಾಧೀಶರನ್ನೇ ಸಾಕ್ಷಿಕಟ್ಟೆಗೆ ಕರೆಸಿದರು. ನೀವು ಯಾರ ಹೆಸರು ಕೊಟ್ಟಿರಿ, ಅವರು ನಿಮಗೆ ಹೇಗೆ ಪರಿಚಯ, ಮೆಕ್ಸಿಕನ್ ಮೂಲದವರ ಹೆಸರು ಯಾವತ್ತಾದರೂ ಕೊಟ್ಟಿದ್ದೀರಾ ಅಂತ ಒಬ್ಬೊಬ್ಬರನ್ನೇ ಕೇಳಿದರು. ಉತ್ತರಗಳು ಹೆಚ್ಚುಕಡಿಮೆ ಒಂದೇ ಥರ ಇದ್ದವು. ಗೆಳೆಯರು, ನೆರೆಹೊರೆಯವರು, ತಮ್ಮ ಬಳಗದವರು. ಬೇಕಂತಲೇ ಯಾರನ್ನೂ ದೂರ ಇಟ್ಟಿಲ್ಲ ಅಂದರು. ಪರಿಚಯ ಇದ್ದವರ ಹೆಸರು ಕೊಟ್ಟರು, ಅಷ್ಟೇ. ಅವರ ಪರಿಚಯದ ವಲಯದಲ್ಲಿ ಆ ಜನ ಇರಲೇ ಇಲ್ಲ.

ಆಯ್ಕೆಯ ಬಗ್ಗೆ ಅಕೋಸ್ಟಾ ಮಾಡಿದ ವಾದ ಆ ಕೋರ್ಟಿನಲ್ಲಿ ಗೆಲ್ಲಲಿಲ್ಲ. ಒಳಸಂಚಿನ ಆರೋಪಗಳು ಆಮೇಲೆ ಬೇರೆ ಕಾರಣಕ್ಕೆ ಬಿದ್ದುಹೋದವು. ಆದರೆ ಆ ಪ್ರಶ್ನೆ ಉಳಿಯಿತು. ಇವತ್ತು ಅರ್ಜಿ ಎಲ್ಲರಿಗೂ ತೆರೆದಿದೆ. ಪ್ರತಿ ವರ್ಷ ಗ್ರ್ಯಾಂಡ್ ಜ್ಯೂರಿಯಲ್ಲಿ ಯಾವ ವಯಸ್ಸಿನವರು, ಯಾವ ಜನಾಂಗದವರು, ಗಂಡಸರೆಷ್ಟು, ಹೆಂಗಸರೆಷ್ಟು ಅನ್ನುವ ಲೆಕ್ಕ ಇಡಬೇಕು ಅಂತ ರಾಜ್ಯದ ಕೋರ್ಟು ನಿಯಮವೇ ಹೇಳುತ್ತದೆ. ಸುಮ್ನೆ ಬಂದದ್ದಲ್ಲ ಇದು. ಬೇರೆಯವರು ಹೋರಾಡಿ ತೆರೆಸಿದ ಬಾಗಿಲು. ಮೆಕ್ಸಿಕನ್ನರು, ಕಪ್ಪು ವರ್ಣೀಯರು ಅದಕ್ಕೆ ಬೆಲೆ ಕೊಟ್ಟಿದ್ದಾರೆ. ನಾವು ಬರುವ ಹೊತ್ತಿಗೆ ಅದು ತೆರೆದೇ ಇತ್ತು.

ಬಾಗಿಲು ತೆರೆದಿದ್ದರೂ ಒಳಗೆ ಹೋಗುವವರು ಯಾರು? ನಾನು ಕಂಡಂತೆ ಹೆಚ್ಚಿನವರು ನಿವೃತ್ತರು, ಸ್ವಂತ ಮನೆ ಇರುವವರು, ಬಿಳಿಯರು. ಅವರ ಬಗ್ಗೆ ನನಗೆ ಅಪಾರ ಗೌರವ ಇದೆ. ಎಪ್ಪತ್ತು ದಾಟಿದ ಮೇಲೂ ನೀರಿನ ಜಿಲ್ಲೆಯ ಬಜೆಟ್ಟನ್ನು ಸಾಲು ಸಾಲಾಗಿ ಓದುವ ಜನ ಅವರು. ಅವರಿಂದ ನಾನು ಕಲಿತದ್ದು ಬಹಳ. ಆದರೆ ಕೌಂಟಿ ಅಂದರೆ ಅವರಷ್ಟೇ ಅಲ್ಲ. ಸಾಂತಾ ಕ್ಲಾರಾ ಕೌಂಟಿಯಲ್ಲಿ 2020 ರ ಜನಗಣತಿಯಂತೆ ಸುಮಾರು 19 ಲಕ್ಷ ಜನ. ಅವರಲ್ಲಿ ಏಷ್ಯಾ ಮೂಲದವರು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು. ಕೂಪರ್ಟಿನೋ, ಸನ್ನಿವೇಲ್, ಮಿಲ್ಪಿಟಾಸ್ ಬೀದಿಗಳಲ್ಲಿ ಸಂಜೆ ನಡೆದರೆ ಯಾವ ಯಾವ ಭಾಷೆ ಕೇಳುತ್ತದೆ ಅಂತ ನಿಮಗೇ ಗೊತ್ತು.

ಇದರಿಂದ ಏನು ವ್ಯತ್ಯಾಸ ಅಂತ ಕೇಳಿದರೆ, ಜ್ಯೂರಿಯ ಮೊದಲ ಕೆಲಸ ಏನನ್ನು ಪರೀಕ್ಷಿಸಬೇಕು ಅಂತ ತೀರ್ಮಾನ ಮಾಡುವುದು. ಸಾರ್ವಜನಿಕರು ಕಳಿಸಿದ ದೂರುಗಳು ಇರುತ್ತವೆ, ಅದರ ಜೊತೆಗೆ ಜ್ಯೂರಿಯವರೇ ವಿಷಯ ಎತ್ತಬಹುದು. ಯಾರು ಬಸ್ಸಿನಲ್ಲಿ ಓಡಾಡುತ್ತಾರೋ ಅವರಿಗೆ ಬಸ್ಸಿನ ಕಷ್ಟ ಹೊಳೆಯುತ್ತದೆ. ಸಣ್ಣ ಮಕ್ಕಳು ಇರುವವರಿಗೆ ಶಾಲಾ ಜಿಲ್ಲೆ ಹೊಳೆಯುತ್ತದೆ. ಇಂಗ್ಲಿಷ್ ಸರಿಯಾಗಿ ಬಾರದ ಅತ್ತೆಯನ್ನು ಕೌಂಟಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ದುಭಾಷಿಗಾಗಿ ಕಾದು ಕೂತವರಿಗೆ ಆ ಪ್ರಶ್ನೆ ಹೊಳೆಯುತ್ತದೆ. ಅಪ್ಪನಿಗೆ ವಯಸ್ಸಾದವರ ಸೇವೆಗಳು ಸಿಗಲಿಲ್ಲ ಅಂತ ಅಲೆದವರಿಗೆ ಅದು ಹೊಳೆಯುತ್ತದೆ. ಇಂಥವರು ಆ ಮೇಜಿನ ಸುತ್ತ ಇಲ್ಲದಿದ್ದರೆ ಆ ಪ್ರಶ್ನೆ ಯಾರೋ ಬೇಡ ಅಂದಿದ್ದಕ್ಕೆ ಬಿಟ್ಟುಹೋಗುವುದಲ್ಲ. ಅದು ಬರುವುದೇ ಇಲ್ಲ.

ಕನ್ನಡ ಕೂಟದ ಯುಗಾದಿ ಊಟಕ್ಕೆ ಕೂತಾಗ ನಾನು ಈ ಮಾತು ತೆಗೆದರೆ ಬರುವ ಉತ್ತರಗಳು ನನಗೆ ಬಾಯಿಪಾಠ ಆಗಿವೆ. ಒಂದೊಂದಕ್ಕೂ ಇಲ್ಲಿ ಮನಸ್ಸಿಟ್ಟು ಉತ್ತರ ಕೊಡುತ್ತೇನೆ.

"ನಮ್ಮ ಇಂಗ್ಲಿಷ್ ಉಚ್ಚಾರ ಅವರ ಥರ ಇಲ್ಲ" ಅನ್ನುತ್ತಾರೆ. ಕಾನೂನು ಕೇಳುವುದು ಸಾಕಷ್ಟು ಇಂಗ್ಲಿಷ್ ಗೊತ್ತಿರಬೇಕು ಅಂತ. ಉಚ್ಚಾರದ ಮಾತೇ ಇಲ್ಲ. ಮೂವತ್ತು ವರ್ಷ ಇಲ್ಲಿನ ಕಂಪನಿಗಳಲ್ಲಿ ಮೀಟಿಂಗ್ ನಡೆಸಿದವರು, ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿದವರು ಈ ಮಾತು ಹೇಳಿದಾಗ ನನಗೆ ನೋವಾಗುತ್ತದೆ.

"ನಮಗೆ ಸರ್ಕಾರದ ವಿಷಯ ಏನು ಗೊತ್ತು" ಅನ್ನುತ್ತಾರೆ. ಗೊತ್ತಿಲ್ಲದವರಿಗೇ ಈ ಕೆಲಸ. ಹೊಸ ಜ್ಯೂರಿಗೆ ತರಬೇತಿ ಕೊಡಿಸಬೇಕು ಅಂತ ಕಾನೂನು ಇದೆ. ಸಲಹೆಗೆ ಕೋರ್ಟು, ಕೌಂಟಿಯ ವಕೀಲರು, ಡಿಸ್ಟ್ರಿಕ್ಟ್ ಅಟಾರ್ನಿ (ಅಪರಾಧ ಕೇಸು ನಡೆಸುವ ಸರ್ಕಾರಿ ವಕೀಲರು) ಇರುತ್ತಾರೆ. ಆಮೇಲೆ ಬೇಕಾಗುವುದು ದಾಖಲೆ ಓದುವ ತಾಳ್ಮೆ, ಪ್ರಶ್ನೆ ಕೇಳುವ ಧೈರ್ಯ, ಒಬ್ಬರು ಹೇಳಿದ್ದನ್ನು ಇನ್ನೊಂದು ಕಡೆ ತಾಳೆ ನೋಡುವ ಅಭ್ಯಾಸ. ಲೆಕ್ಕಪತ್ರ ನೋಡಿದವರು, ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕಿದವರು, ಪಾಠ ಮಾಡಿದವರು, ಮನೆಯ ಖರ್ಚು ತೂಗಿಸಿದವರು ಎಲ್ಲರಿಗೂ ಇದು ಬರುತ್ತದೆ.

"ಸರ್ಕಾರದ ತಂಟೆ ಯಾಕೆ, ನಾವು ಹೊರಗಿನವರು" ಅನ್ನುವುದು ಇನ್ನೊಂದು. ಹಿರಿಯರು ಇದನ್ನು ಮೆಲ್ಲಗೆ ಹೇಳುತ್ತಾರೆ. ಆ ಭಯ ನನಗೆ ಅರ್ಥವಾಗುತ್ತದೆ. ವೀಸಾ, ಹಸಿರು ಕಾರ್ಡು ಅಂತ ಎಷ್ಟೋ ವರ್ಷ ತಲೆ ತಗ್ಗಿಸಿಕೊಂಡು ಬದುಕಿದವರು ನಾವು. ಪೌರತ್ವಕ್ಕೆ ಕೈ ಎತ್ತಿ ಪ್ರಮಾಣ ಮಾಡಿದ ದಿನ ಭಾರತದ ಪೌರತ್ವ ಬಿಟ್ಟುಕೊಟ್ಟೆವು. ಅಷ್ಟು ಕೊಟ್ಟ ಮೇಲೂ ಹೊರಗಿನವರು ಅಂತ ನಾವೇ ಅಂದುಕೊಂಡರೆ ಹೇಗೆ? ಮನೆ ತೆರಿಗೆ ಕಟ್ಟುವಾಗ ನಾವು ಒಳಗಿನವರೇ. ಆ ತೆರಿಗೆ ಹೇಗೆ ಖರ್ಚಾಯಿತು ಅಂತ ಕೇಳುವಾಗಲೂ ಒಳಗಿನವರೇ.

"ವರದಿ ಬರೆದರೆ ಯಾರು ಕೇಳುತ್ತಾರೆ" ಅನ್ನುವ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಗ್ರ್ಯಾಂಡ್ ಜ್ಯೂರಿ ಯಾರಿಗೂ ಹೀಗೇ ಮಾಡಿ ಅಂತ ಆಜ್ಞೆ ಮಾಡುವಂತಿಲ್ಲ. ಖಾಸಗಿ ಕಂಪನಿ, ರಾಜ್ಯ ಸರ್ಕಾರ, ಕೇಂದ್ರ ಸರ್ಕಾರ, ಕೋರ್ಟುಗಳು ಅದರ ಕೈಗೆ ಸಿಗುವುದಿಲ್ಲ. ಆದರೆ ವರದಿಗೆ ಉತ್ತರ ಕೊಡದೆ ಇರುವಂತಿಲ್ಲ. ಸಿಟಿ ಕೌನ್ಸಿಲ್‌ನಂಥ ಮಂಡಳಿಗಳಿಗೆ 90 ದಿನ, ಚುನಾಯಿತ ಕೌಂಟಿ ಅಧಿಕಾರಿಗಳಿಗೆ 60 ದಿನ ಗಡುವು. ಒಂದೊಂದು ಅಂಶಕ್ಕೂ ಒಪ್ಪುತ್ತೇವೆ ಅಥವಾ ಒಪ್ಪುವುದಿಲ್ಲ ಅಂತ ಬರೆದು ಕೊಡಬೇಕು. ಒಂದೊಂದು ಸಲಹೆಗೂ ಜಾರಿ ಮಾಡಿದ್ದೇವೆ, ಇಂಥ ಹೊತ್ತಿಗೆ ಮಾಡುತ್ತೇವೆ, ಇನ್ನೂ ಪರಿಶೀಲಿಸಬೇಕು, ಮಾಡುವುದಿಲ್ಲ ಅಂತ ಹೇಳಿ ಕಾರಣ ಕೊಡಬೇಕು. ಆ ಉತ್ತರವೂ ಸಾರ್ವಜನಿಕ ದಾಖಲೆ. ಮುಂದಿನ ಚುನಾವಣೆಯಲ್ಲಿ ಅದನ್ನು ಎದುರಿಗಿಟ್ಟು ಕೇಳಬಹುದು. ನನಗೆ ಇದು ದೊಡ್ಡ ಬಲವಾಗಿಯೇ ಕಂಡಿದೆ.

ಸಮಯ ಇಲ್ಲ ಅನ್ನುವವರಿಗೆ ಮಾತ್ರ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಇದು ವಾರಕ್ಕೆ ಹಲವು ಗಂಟೆ ಬೇಡುವ ಕೆಲಸ, ಹೆಚ್ಚಿನ ಕಡೆ ಹಗಲು ಹೊತ್ತಿನಲ್ಲಿ. ಕೌಂಟಿ ತಾನಾಗಿ ಜಾಸ್ತಿ ಮಾಡದಿದ್ದರೆ ರಾಜ್ಯದ ಕಾನೂನು ಕೊಡುವುದು ದಿನಕ್ಕೆ 15 ಡಾಲರ್ ಮತ್ತು ಓಡಾಟದ ಖರ್ಚು. ಜ್ಯೂರಿ ಸೇವೆಗೆ ಹೋದರು ಅಂತ ಕೆಲಸದಿಂದ ತೆಗೆಯಬಾರದು ಅಂತ ಕಾನೂನು ಇದೆ, ನಿಜ. ಆದರೆ ಆ ದಿನಗಳಿಗೆ ಸಂಬಳ ಕೊಡಲೇಬೇಕು ಅಂತ ಇಲ್ಲ. ಗಂಟೆ ಲೆಕ್ಕದಲ್ಲಿ ದುಡಿಯುವವರು, ಎಳೆ ಮಕ್ಕಳ ತಾಯಂದಿರು, ಎರಡು ಕೆಲಸ ಮಾಡುವವರು ಹೇಗೆ ಬರುತ್ತಾರೆ?

ಹಾಗಾಗಿ ಈ ಪತ್ರದಲ್ಲಿ ಒಂದು ಮಾತು ನಮ್ಮ ಕೌಂಟಿಗಳ ಸೂಪರ್‌ವೈಸರ್‌ಗಳಿಗೆ, ಸುಪೀರಿಯರ್ ಕೋರ್ಟುಗಳಿಗೆ ಕೂಡ. ದಿನಭತ್ಯೆ ಏರಿಸುವ ಅಧಿಕಾರ ಕೌಂಟಿಗೆ ಇದೆ, ಕೌಂಟಿಯದೇ ಒಂದು ಸ್ಥಳೀಯ ಕಾನೂನು ಸಾಕು. ದಯವಿಟ್ಟು ಏರಿಸಿ. ಕೆಲವು ಸಭೆಗಳನ್ನಾದರೂ ಸಂಜೆಗೆ ಇಡುವುದು ಸಾಧ್ಯವಾ ಅಂತ ನೋಡಿ. ಅರ್ಜಿಯ ಪ್ರಕಟಣೆ ಕೋರ್ಟಿನ ಗೋಡೆಗೆ, ಇಂಗ್ಲಿಷ್ ಪತ್ರಿಕೆಗೆ ಮಾತ್ರ ನಿಲ್ಲದಿರಲಿ. ನಮ್ಮ ದೇವಸ್ಥಾನ, ಗುರುದ್ವಾರ, ಮಸೀದಿ, ಚರ್ಚು, ಕೂಟಗಳ ಸಭಾಂಗಣಕ್ಕೂ ಬನ್ನಿ. ಬಂದರೆ ಜನ ಕೇಳುತ್ತಾರೆ ಅನ್ನುವ ಭರವಸೆ ನಾನು ಕೊಡುತ್ತೇನೆ.

ಆದರೆ ಅವರು ಬದಲಾಗಲಿ ಅಂತ ಕಾಯುವ ಅಗತ್ಯ ಇಲ್ಲದವರು ನಮ್ಮಲ್ಲೇ ಬೇಕಾದಷ್ಟು ಜನ ಇದ್ದಾರೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಬಂದು ಈಗ ನಿವೃತ್ತರಾದ ಅಂಕಲ್, ಆಂಟಿಯರೇ, ನಿಮ್ಮನ್ನೇ ಕೇಳುತ್ತಿದ್ದೇನೆ. ಈ ಕೌಂಟಿಗಳಲ್ಲಿ ಹಣ್ಣಿನ ತೋಟಗಳಿದ್ದ ಕಾಲವನ್ನು ಕಂಡವರು ನೀವು. ಮಕ್ಕಳು ದೂರ ಹೋದ ಮೇಲೆ ಮನೆಯಲ್ಲಿ ಕೈ ಕಟ್ಟಿ ಕೂತಿರುವ ನನ್ನ ವಯಸ್ಸಿನ ಗೆಳತಿಯರೇ, ನಿಮ್ಮನ್ನೂ. ಗಂಡನ ಕೆಲಸದ ವೀಸಾದ ಜೊತೆ ಸಿಗುವ ಎಚ್-4 ವೀಸಾದಲ್ಲಿ ವರ್ಷಗಟ್ಟಲೆ ಕೆಲಸ ಮಾಡಲಾಗದೆ, ಆಮೇಲೆ ಪೌರತ್ವ ಬಂದರೂ ಕೆಲಸಕ್ಕೆ ವಾಪಸಾಗದವರು ನಿಮ್ಮಲ್ಲಿ ಎಷ್ಟೋ ಜನ. ಓದಿದ ಓದು, ಮಾಡಬೇಕೆಂದಿದ್ದ ಕೆಲಸ ಎಲ್ಲ ಹಾಗೇ ಉಳಿದಿದೆ. ಈ ಕೋಣೆಯಲ್ಲಿ ಅದಕ್ಕೆ ಬೆಲೆ ಇದೆ.

ಪೌರತ್ವ ಇನ್ನೂ ಬಾರದವರು ಜ್ಯೂರಿಯಲ್ಲಿ ಕೂರುವಂತಿಲ್ಲ. ಆದರೆ ಜ್ಯೂರಿಗೆ ದೂರು ಬರೆಯಬಹುದು. ದೂರು ಕೊಟ್ಟವರ ಹೆಸರು ಗುಟ್ಟಾಗಿರುತ್ತದೆ. ಪಕ್ಕದ ಮನೆಯ ಜಗಳಕ್ಕೆ, ಕೋರ್ಟಿನಲ್ಲಿರುವ ಕೇಸಿಗೆ ಇದು ಜಾಗ ಅಲ್ಲ. ಒಂದು ಸ್ಥಳೀಯ ಇಲಾಖೆ ತನ್ನ ಕೆಲಸ ಸರಿಯಾಗಿ ಮಾಡುತ್ತಿಲ್ಲ ಅನ್ನಿಸಿದರೆ, ಯಾವಾಗ, ಎಲ್ಲಿ, ಏನಾಯಿತು ಅಂತ ದಾಖಲೆ ಸಮೇತ ಬರೆಯಿರಿ.

ಕನ್ನಡ ಕೂಟಗಳ ಪದಾಧಿಕಾರಿಗಳಲ್ಲಿ ಒಂದು ಮನವಿ. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ತೆರಿಗೆ, ಆರೋಗ್ಯ, ಕಾಲೇಜು ಪ್ರವೇಶದ ಬಗ್ಗೆ ಮಾತಾಡುವವರನ್ನು ಕರೆಸುತ್ತೀರಿ. ಇದಕ್ಕೂ ಇಪ್ಪತ್ತು ನಿಮಿಷ ಕೊಡಿ. ಹಿಂದೆ ಗ್ರ್ಯಾಂಡ್ ಜ್ಯೂರಿಯಲ್ಲಿ ಇದ್ದವರು ಪ್ರತಿ ಕೌಂಟಿಯಲ್ಲೂ ಇದ್ದಾರೆ. ಕೇಳಿದರೆ ಸಂತೋಷದಿಂದ ಬಂದು ಮಾತಾಡುತ್ತಾರೆ. ನಾನಂತೂ ಬರುತ್ತೇನೆ.

ಅರ್ಜಿ ಹಾಕುವವರಿಗೆ ಕೊನೆಯದಾಗಿ ಒಂದಿಷ್ಟು ವಿವರ. ನಿಮ್ಮ ಕೌಂಟಿಯ ಸುಪೀರಿಯರ್ ಕೋರ್ಟಿಗೆ ಫೋನ್ ಮಾಡಿ, ಸಿವಿಲ್ ಗ್ರ್ಯಾಂಡ್ ಜ್ಯೂರಿಯ ಅರ್ಜಿ ಯಾವಾಗ ತೆಗೆದುಕೊಳ್ಳುತ್ತೀರಿ ಅಂತ ಕೇಳಿ. ಜುಲೈನಲ್ಲಿ ಅವಧಿ ಶುರುವಾಗುವ ಕಡೆ ಅರ್ಜಿಯ ಕಾಲ ವರ್ಷದ ಮೊದಲ ತಿಂಗಳುಗಳಲ್ಲೇ ಬರುತ್ತದೆ, ತಡ ಮಾಡಬೇಡಿ. ಅರ್ಜಿ ತುಂಬುವ ಮೊದಲು ಹಿಂದಿನ ಒಂದೆರಡು ವರದಿ ಓದಿ, ಎಲ್ಲವೂ ಸಾರ್ವಜನಿಕವಾಗಿ ಸಿಗುತ್ತವೆ. ಅನುಭವ ಅನ್ನುವ ಕಡೆ ಹುದ್ದೆಗಳನ್ನಷ್ಟೇ ಬರೆಯಬೇಡಿ. ಶಾಲೆಯ ಪಿಟಿಎ (ಪೋಷಕರ-ಶಿಕ್ಷಕರ ಸಂಘ), ಕೂಟದ ಲೆಕ್ಕಪತ್ರ, ದೇವಸ್ಥಾನದ ಅಡುಗೆ ಉಸ್ತುವಾರಿ, ಭಾನುವಾರದ ಕನ್ನಡ ಕಲಿ ತರಗತಿ ಎಲ್ಲವನ್ನೂ ಬರೆಯಿರಿ. ಸಂದರ್ಶನದಲ್ಲಿ ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ಜ್ಯೂರಿಯ ಆ ಒಂದು ವರ್ಷದಲ್ಲಿ ಭಾರತಕ್ಕೆ ಉದ್ದದ ಪ್ರವಾಸ ಇಟ್ಟುಕೊಳ್ಳಬೇಡಿ, ಗಂಟೆಗಳ ಬಗ್ಗೆ ಸಹಿ ಹಾಕುವಾಗ ಮನೆಯವರ ಜೊತೆ ಮಾತಾಡಿಯೇ ಹಾಕಿ. ಚೀಟಿಯಲ್ಲಿ ನಿಮ್ಮ ಹೆಸರು ಬಾರದಿದ್ದರೆ ಬೇಜಾರು ಬೇಡ, ಕಾಯುವ ಪಟ್ಟಿಯಿಂದ ಕರೆ ಬರಬಹುದು. ಬರದಿದ್ದರೆ ಮುಂದಿನ ವರ್ಷ ಮತ್ತೆ ಹಾಕಿ.

ವಿಶ್ವಾಸದಿಂದ,
ಬೇ ಏರಿಯಾದ ಒಬ್ಬ ಕನ್ನಡತಿ